ಕರ್ಟಿಸನ ಕಾರಿನಲ್ಲೊಂದು ಸೀಟು

ಮದುವೆಯಾದ ಹದಿನೇಳು ವರ್ಷಗಳಲ್ಲಿ ನಾನು ಯಾರನ್ನು ಕಂಡೂ ಹೊಟ್ಟೆಕಿಚ್ಚು ಪಟ್ಟವನಲ್ಲ. ವಿಂಡ್ಸರ್ ನಗರ ಗ್ರಂಥಾಲಯದ ಗ್ರಂಥಪಾಲಕನಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು? (ಪುರುಸೊತ್ತು ಧಾರಾಳವಾಗಿತ್ತು. ಕಾರಣ ಇರಲಿಲ್ಲ.) ಆ ಕಾರಣವನ್ನು ಒದಗಿಸಿಕೊಟ್ಟದ್ದು ಸಾಕ್ಷಾತ್ ಅಮೆರಿಕ ದೇಶ.

ನನ್ನ ಹೆಂಡತಿ ಯೊಲಾಂಡ್ ನರ್ಸು. ನದಿಯ ಈಚೆ ನಮ್ಮ ಕೆನಡಾ, ಆಚೆ ಅಮೆರಿಕದ ಡೆಟ್ರಾಯ್ಟ್, ನೀರಿನಡಿಯಲ್ಲಿ ಒಂದು ಸುರಂಗ. ನಮ್ಮೂರಿನ ಎಷ್ಟೋ ನರ್ಸುಗಳಂತೆ ಅವಳಿಗೂ ಆಚೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅದಕ್ಕೆ ನಮ್ಮವರಿಗೆ ಟಿಎನ್ ಎಂಬ ಪರವಾನಗಿ ಉಂಟು. ಸರ್ಕಾರದ ಪಟ್ಟಿಯಲ್ಲಿರುವ ವೃತ್ತಿ, ತಕ್ಕ ಪದವಿ, ಅಲ್ಲಿಯವರ ನೇಮಕಾತಿ ಪತ್ರ ಇದ್ದರೆ ಗಡಿಯಲ್ಲೇ ಮೂರು ವರ್ಷಕ್ಕೆ ಕೊಡುತ್ತಾರೆ. ಹಗಲು ಅಲ್ಲಿ ದುಡಿದು ಸಂಜೆ ಇಲ್ಲಿ ಬಂದು ಉಣ್ಣಬಹುದು. ಇಲ್ಲಿಯವರೆಗೆ ಎಲ್ಲ ಸುಖವೇ.

ನಮ್ಮಲ್ಲಿದ್ದದ್ದು ಒಂದೇ ಕಾರು. ಹಾಗಾಗಿ ಯೊಲಾಂಡಳನ್ನು ದಿನಾ ಬೆಳಗಿನ ಆರಕ್ಕೆ ಕರೆದೊಯ್ಯಲು ಕರ್ಟಿಸ್ ಮ್ಯಾಕ್ಲಿಶ್ ಬರತೊಡಗಿದ. ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಅವನದೂ ಟಿಎನ್. ಆರಡಿ ಎರಡಂಗುಲ ಎತ್ತರ. ಬ್ರಹ್ಮಚಾರಿ. ಜನವರಿಯ ಹಿಮದಲ್ಲೂ ಕೋಟಿನ ಗುಂಡಿ ಹಾಕುತ್ತಿರಲಿಲ್ಲ. (ನಾನು ಆಗಸ್ಟಿನಲ್ಲೂ ಸ್ವೆಟರ್ ಹಾಕುವವನು.)

ನನ್ನ ಹೊಟ್ಟೆಯೊಳಗಿನ ಕಿಚ್ಚಿಗೆ ಯಾವ ವೀಸಾವೂ ಬೇಕಿರಲಿಲ್ಲ. ಆರೂ ಹತ್ತಕ್ಕೆಲ್ಲ ಅದು ಸುರಂಗ ದಾಟಿ ಡೆಟ್ರಾಯ್ಟ್ ತಲುಪಿರುತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಫೆಬ್ರವರಿಯ ಒಂದು ಸಂಜೆ ಪಿಜ್ಜಾ ತಿನ್ನುತ್ತಿರುವಾಗ ಯೊಲಾಂಡ್ ಕಿಸಕ್ಕನೆ ನಕ್ಕಳು.

"ಇವತ್ತು ಗಡೀಲಿ ಅಧಿಕಾರಿ ಏನು ಕೇಳ್ದ ಗೊತ್ತಾ? ನೀವಿಬ್ರೂ ಗಂಡ ಹೆಂಡ್ತೀನಾ ಅಂತ!"

ಪಿಜ್ಜಾದ ಮೇಲಿನ ಅಣಬೆಗಳನ್ನು ಒಂದೊಂದಾಗಿ ತಟ್ಟೆಯಂಚಿಗೆ ಸರಿಸಿದೆ. "ನೀನೇನಂದೆ?"

"ಏನನ್ನಲಿ? ಬಾಯಿ ತುಂಬ ಕಾಫಿ ಇತ್ತು."

"ಮತ್ತೆ ಕರ್ಟಿಸ್?"

"'ಇನ್ನೂ ಇಲ್ಲ' ಅಂದ. ತಮಾಷೆಗೆ ಕಣೋ! ಯಾಕೆ ಮುಖ ಹಾಗ್ಮಾಡ್ತೀಯ?"

"ನನ್ನ ಮುಖ ಇರೋದೇ ಹೀಗೆ."

"ಇನ್ನೊಂದು ತುಂಡು ಹಾಕ್ಲಾ?"

ಬೇಡವೆಂದೆ. ಹದಿನೇಳು ವರ್ಷಗಳಲ್ಲಿ ಮೊದಲ ಬಾರಿಗೆ ಪಿಜ್ಜಾ ಬೇಡವೆಂದೆ. ಅವಳು ಗಮನಿಸಲೇ ಇಲ್ಲ, ತಾನೇ ತಿಂದಳು.

ಮರುದಿನ ಗ್ರಂಥಾಲಯದಲ್ಲಿ ಟಿಎನ್ ಪಟ್ಟಿಯನ್ನು ತೆಗೆದು ನೋಡಿದೆ. ಎಂಜಿನಿಯರ್, ಪಶುವೈದ್ಯ, ಅರಣ್ಯತಜ್ಞ... ಆಹಾ, ಗ್ರಂಥಪಾಲಕ! ದೇಶದೇಶಗಳ ಮಹನೀಯರು ಕೂತು ನನ್ನ ದಾಂಪತ್ಯವನ್ನು ಉಳಿಸಲೆಂದೇ ಆ ಒಂದು ಪದವನ್ನು ಬರೆದಿಟ್ಟಂತೆ ಕಂಡಿತು. ಯೊಲಾಂಡಳಿಗೆ ತಿಳಿಯದಂತೆ ಡೆಟ್ರಾಯ್ಟಿನ ಒಂದು ಸಣ್ಣ ಕಾಲೇಜಿಗೆ ಅರ್ಜಿ ಹಾಕಿದೆ. ಏಪ್ರಿಲ್‌ನಲ್ಲಿ ನೇಮಕಾತಿ ಪತ್ರ ಬಂತು. ಹತ್ತೊಂಬತ್ತು ವರ್ಷದ ಹಳೆಯ ಕೆಲಸಕ್ಕೆ ರಾಜೀನಾಮೆ ಬಿಸಾಕಿದೆ. ಸಹೋದ್ಯೋಗಿಗಳು ಕೇಕ್ ಕತ್ತರಿಸಿದರು, ಒಬ್ಬರೂ ಅಳಲಿಲ್ಲ.

ಕರ್ಟಿಸನಿಗೇ ಫೋನ್ ಮಾಡಿದೆ. "ನಂಗೂ ಡೆಟ್ರಾಯ್ಟಲ್ಲಿ ಕೆಲಸ ಸಿಕ್ತು. ನಿನ್ನ ಕಾರಲ್ಲಿ ಇನ್ನೊಂದು ಸೀಟು ಇದೆಯಾ? ಯೊಲಾಂಡ್‌ಗೆ ಹೇಳ್ಬೇಡ, ಗುಟ್ಟು."

"ಬಾ ಬಾ ಲಯನಲ್! ಮೂರು ವರ್ಷಾನೂ ಬಾ!" ಎಂದ ಆ ಧೂರ್ತ. ಇಷ್ಟೊಂದು ಸಂತೋಷ ನಟಿಸುವವನನ್ನು ನಂಬುವುದುಂಟೇ?

ಗುರುವಾರ ಕಾಗದಪತ್ರ ಹಿಡಿದು ಗಡಿ ಕಚೇರಿಗೆ ಹೋದೆ. ಪದವಿಪತ್ರ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರಿಂದ ಗೋಡೆಯಿಂದ ಹಾಗೇ ಕಿತ್ತು ತಂದಿದ್ದೆ. ಅಜ್ಜಿಯಂತಿದ್ದ ಅಧಿಕಾರಿಣಿ ಮೊಳೆ ಸಮೇತ ಬಂದಿದ್ದ ಅದನ್ನು ತಿರುಗಿಸಿ ನೋಡಿದರು.

"ಗೋಡೆ ಮನೇಲೇ ಬಿಟ್ಟು ಬಂದ್ರಾ?"

"ಹೌದು ಮೇಡಂ."

"ವಿಂಡ್ಸರ್‌ನಲ್ಲಿ ಒಳ್ಳೆ ಕೆಲಸ ಇತ್ತಲ್ಲ. ಈ ಕಡೆ ಯಾಕೆ ಬರ್ತಿದ್ದೀರಿ?"

ಜ್ಞಾನಪ್ರಸಾರ, ಉಭಯ ದೇಶಗಳ ಸೌಹಾರ್ದ ಎಂದೆಲ್ಲ ಬಾಯಿಪಾಠ ಮಾಡಿದ್ದೆ. ಬಾಯಿಂದ ಹೊರಬಿದ್ದದ್ದು, "ನನ್ನ ಹೆಂಡ್ತಿ ಈ ಕಡೆ ಬರ್ತಾಳೆ ಮೇಡಂ. ಇನ್ನೊಬ್ಬರ ಕಾರಲ್ಲಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿದರು. "ಹೆಂಡ್ತಿ ಕಾಯೋ ಕೆಲಸ ಈ ಪಟ್ಟಿಯಲ್ಲಿಲ್ಲ, ಸರ್."

"ಗ್ರಂಥಪಾಲಕ ಇದೆಯಲ್ಲ ಮೇಡಂ," ಎಂದೆ ದೀನನಾಗಿ.

ಪತ್ರವನ್ನು ಇನ್ನೊಮ್ಮೆ ಓದಿ, ನಿಟ್ಟುಸಿರಿಟ್ಟು ಮುದ್ರೆ ಒತ್ತಿದರು. ಮೂರು ವರ್ಷ! ಚೌಕಟ್ಟನ್ನು ಎದೆಗವಚಿಕೊಂಡು, ಕೋಟೆ ಗೆದ್ದ ಚಕ್ರವರ್ತಿಯ ಗತ್ತಿನಲ್ಲಿ ಮನೆಗೆ ಮರಳಿದೆ.

ಸಂಜೆ ಯೊಲಾಂಡ್ ನನಗಿಂತ ಮೊದಲು ಬಾಯಿ ತೆರೆದಳು. "ಲಯನಲ್, ನಿಂಗೊಂದು ಖುಷಿ ಸುದ್ದಿ. ಇಲ್ಲೇ ವಿಂಡ್ಸರ್ ಆಸ್ಪತ್ರೇಲಿ ಕೆಲಸ ಸಿಕ್ತು! ಡೆಟ್ರಾಯ್ಟಿನ ಕೆಲಸಕ್ಕೆ ಎರಡು ವಾರದ ಹಿಂದೇನೇ ರಾಜೀನಾಮೆ ಕೊಟ್ಟಿದ್ದೆ. ನಾಳೆ ಕಡೇ ದಿನ."

ನಾನು ಕುರ್ಚಿ ಹುಡುಕಿ ಕುಳಿತೆ. "ಕರ್ಟಿಸ್‌ಗೆ ಗೊತ್ತಾ?"

"ಅಯ್ಯೋ, ಅವನಿಗೆ ಹೇಳಿದ್ದಿದ್ರೆ ಎರಡು ವಾರ ಅದನ್ನೇ ಮಾತಾಡ್ತಿದ್ದ! ಅವನ ಬಾಯಿಗೆ ಹೆದರ್ಕೊಂಡೇ ಕೆಲಸ ಬಿಟ್ಟಿದ್ದು ಕಣೋ. ಅವನ ಬೆಕ್ಕಿನ ಕಿಡ್ನಿ ಕಥೆ ಹದಿನಾಲ್ಕು ತಿಂಗಳು ಕೇಳಿದೀನಿ. ಬಾಯಲ್ಲಿ ಯಾವಾಗ್ಲೂ ಕಾಫಿ ತುಂಬ್ಕೊಂಡಿರ್ತಿದ್ದೆ, ಉತ್ತರ ಕೊಡೋದು ತಪ್ಪಲಿ ಅಂತ. ಇನ್ಮೇಲೆ ನಾಲ್ಕಕ್ಕೆ ಮನೆ, ನಾವಿಬ್ರೇ. ಹೊಸ ಆಸ್ಪತ್ರೆ ಊರಾಚೆ, ಕಾರು ನಂಗೆ ಬೇಕಾಗತ್ತೆ, ಪರವಾಗಿಲ್ಲ ತಾನೇ? ಅಂದ ಹಾಗೆ, ಆ ಚೌಕಟ್ಟು ಯಾಕೆ ಹಿಡ್ಕೊಂಡಿದೀಯ?"

ಹೇಳಿದೆ. ಕರ್ಟಿಸನ ಸೀಟಿನ ವಿಷಯವನ್ನೂ ಹೇಳಿದೆ. ಅವಳು ಮೊದಲು ಕಣ್ಣರಳಿಸಿದಳು. ಆಮೇಲೆ ನನ್ನ ತಲೆ ಸವರಿ, "ಪೆದ್ದಾ, ನನ್ನ ಕೇಳಬಾರ್ದಿತ್ತಾ?" ಎಂದಳು. ಕೊನೆಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು. ಆ ನಗು ಅಡುಗೆಮನೆಯವರೆಗೂ ಕೇಳಿಸಿತು.

ಸೋಮವಾರ ಬೆಳಗಿನ ಆರಕ್ಕೆ ಯೊಲಾಂಡ್ ಕಂಬಳಿಯೊಳಗೆ ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದಳು. ಈಗ ನನಗೆ ಹೊಟ್ಟೆಕಿಚ್ಚು ಅವಳ ಮೇಲೆ. ಹೊರಗೆ ಕಾರಿನ ಬಾಗಿಲು ತೆರೆದುಕೊಂಡು ಕರ್ಟಿಸ್ ಕಾದಿದ್ದ, ಕೋಟಿನ ಗುಂಡಿ ಹಾಕದೆ.

ಸುರಂಗದ ಬಾಯಲ್ಲಿ ಕಾರುಗಳ ಸಾಲು ಮೈಲುದ್ದ ನಿಂತಿತ್ತು. ಕರ್ಟಿಸ್ ಎಂಜಿನ್ ಆರಿಸಿ, ನನ್ನ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡ.

"ಲಯನಲ್, ನಮ್ಮ ಬೆಕ್ಕಿನ ಆಪರೇಷನ್ ವಿಷಯ ನಿಂಗೆ ಹೇಳಿದೀನಾ?"

ಕಾಫಿ ತರುವುದು ನನಗೆ ಹೊಳೆದಿರಲಿಲ್ಲ. ಮೂರು ವರ್ಷ ಬಾಕಿ ಇರುವವನಿಗೆ ಅವಸರವಾದರೂ ಏಕೆ?

"ಎಡ ಕಿಡ್ನಿನೋ, ಬಲ ಕಿಡ್ನಿನೋ?" ಎಂದು ಕೇಳಿದೆ.

ಕರ್ಟಿಸನ ಮುಖ ಅರಳಿತು. "ಮೊದಲು ಎಡ," ಎಂದ.