ಭವಾನಿ ಏರಿಸಿದ ಹೂ

ಸೀಟು ಸಿಕ್ಕಿದ್ದೇ ತಪ್ಪಾಯಿತು. ಖಗೋಳ ಭೌತಶಾಸ್ತ್ರ ಓದಲು ವಿಶ್ವವಿದ್ಯಾಲಯವೊಂದು ಭವಾನಿಯನ್ನು ಆರಿಸಿತ್ತು. ಸಂಜೆ ಐದರೊಳಗೆ ಮೊಬೈಲಿನಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತಬೇಕು. ಒತ್ತುವುದಕ್ಕೆ ಒಂದು ಬೆರಳು ಸಾಕು. ಆದರೆ ಅವಳ ಊರು ತಳಕಲ್ಲಿನಲ್ಲಿ ಅದಕ್ಕೆ ಇಡೀ ಓಣಿ ಸೇರಿತು.

“ಚುಕ್ಕಿ ಎಣಿಸಾಕ ಐದು ವರ್ಷ ಯಾಕಬೇ? ಮಾಳಿಗಿ ಮ್ಯಾಲ ಮಲಕೊಂಡು ಎಣಿಸು,” ಎಂದಳು ಪಕ್ಕದ ಮನೆಯ ಕಳಕಮ್ಮ.

“ಕೊಪ್ಪಳದಾಗ ಡಿಗ್ರಿ, ಆಮ್ಯಾಲ ಬಿ.ಎಡ್. ಮಾಸ್ತರ ನೌಕರಿ ಖಾತ್ರಿ ನೋಡ್ರಿ,” ಎಂದ ಕಾಶಿನಾಥ. ಬಿ.ಎಡ್. ಮುಗಿಸಿ ಹನ್ನೆರಡು ವರ್ಷದಿಂದ ಕಿರಾಣಿ ಅಂಗಡಿಯಲ್ಲಿ ಕೂತವನ ಮಾತಿದು.

ಅಪ್ಪ ಅಮರಪ್ಪ ಯಾರು ಮಾತಾಡಿದರೂ ಅವರಿಗೇ ತಲೆಯಾಡಿಸುತ್ತಿದ್ದ. ಕೊನೆಗೆ, “ಬಸವಣ್ಣಗ ಹೂ ಏರಿಸಿ ಕೇಳೂಣು. ಬಲಕ್ಕ ಬಿದ್ರ ಹೂಂ, ಎಡಕ್ಕ ಬಿದ್ರ ಬ್ಯಾಡ. ಆಯಿ ಕೇಳ್ತಾಳ,” ಎಂದು ಭಾರವನ್ನೆಲ್ಲ ದೇವರ ಮೇಲೆ ಹಾಕಿದ.

ಭವಾನಿಗೆ ಮೈಯೆಲ್ಲ ಉರಿಯಿತು. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ತೊಂಬತ್ತೆಂಟು ತೆಗೆದವಳ ಹಣೆಬರಹವನ್ನು ಎರಡು ಚೆಂಡುಹೂ ಬರೆಯಬೇಕೇ? ಬರೆಯಲಿ, ತಾನು ಹೇಳಿದಂತೆ ಬರೆಯಲಿ ಎಂದು ಹೂ ಏರಿಸುವ ಕೆಲಸ ತಾನೇ ವಹಿಸಿಕೊಂಡು ಗುಡಿಗೆ ಮೊದಲೇ ಓಡಿದಳು. ಬಸವಣ್ಣನ ಎಡಗಡೆಯ ಹೂವನ್ನು ಗಟ್ಟಿ ಗಂಧದಿಂದ ಮೆತ್ತಿದಳು. ಬಲಗಡೆಯದಕ್ಕೆ ಬರೀ ನೀರು ಹಚ್ಚಿದಳು.

ಮೂರೂವರೆಗೆ ಓಣಿಯವರೆಲ್ಲ ಬಂದು ಕೂತರು. ಮನೆಯವರೆಲ್ಲ ಆಯಿ ಎನ್ನುವ ಅಜ್ಜಿ ಶೇಖರಮ್ಮ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಂಡಳು. ಹೂ ಅಲ್ಲಾಡಲಿಲ್ಲ. ನಾಲ್ಕಾಯಿತು.

“ಫ್ಯಾನ್ ಬಂದ್ ಮಾಡ್ರಿ, ದೇವರಿಗೆ ವಿಚಾರ ಮಾಡಾಕ ಬಿಡ್ರಿ!” ಎಂದಳು ಕಳಕಮ್ಮ.

ಇದ್ದ ಗಾಳಿಯೂ ಹೋಯಿತು. ಭವಾನಿ ಮೊಬೈಲ್ ನೋಡುತ್ತ, ಕಳಕಮ್ಮನನ್ನು ಮನಸ್ಸಿನಲ್ಲೇ ಬೈಯುತ್ತ ಬೆವರಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ಬಲಗಡೆಯ ಹೂ ಉದುರಿತು.

“ಬಲಕ್ಕ ಬಿತ್ತು!” ಭವಾನಿ ಜಿಗಿದು ಮೊಬೈಲ್ ಒತ್ತಲು ಬೆರಳೆತ್ತಿದಳು.

ಅಜ್ಜಿ ಆ ಬೆರಳು ಹಿಡಿದುಕೊಂಡಳು. “ತಡಿಯವ್ವಾ. ‘ಈ ಚುಕ್ಕಿ ಓದು ಬಿಡಿಸಿ ಹುಡುಗೀನ ಕೊಪ್ಪಳದ ಕಾಲೇಜಿಗೆ ಹಾಕ್ಲೇನಪಾ?’ ಅಂತ ಕೇಳಿದ್ನಿ. ಹೂಂ ಅಂದ ನೋಡು ನಮ್ಮಪ್ಪ.”

ಭವಾನಿಗೆ ಅಳುವೇ ಬಂತು. ಮರ್ಯಾದೆ ಹೋದರೆ ಹೋಗಲಿ ಎಂದು ಎಲ್ಲರೆದುರು ಗಂಧ, ನೀರಿನ ಕತೆ ಬಾಯಿಬಿಟ್ಟಳು. “ದೇವರು ಕೊಟ್ಟಿದ್ದಲ್ಲ ಆಯಿ, ಬಲಕ್ಕ ಬೀಳೋ ಹಂಗ ನಾನ ಮಾಡಿದ್ನಿ!”

ಅಜ್ಜಿ ಗಲ್ಲ ಗಲ್ಲ ಬಡಿದುಕೊಂಡು ಬಸವಣ್ಣನಿಗೆ ಅಡ್ಡಬಿದ್ದಳು.

“ಎಂಥಾ ಮಹಿಮಾ ನೋಡ್ರಿ! ಚುಕ್ಕಿ ಓದು ಬ್ಯಾಡ ಅನ್ನೂದನ್ನ ಅಕಿ ಕೈಲೇನ ಮಾಡಿಸ್ಯಾನ!”