ಮದುಮಕ್ಕಳ ಮೇಲೊಂದು ಗೋಡೆ

ದುರಗೇಶ ಹುಬ್ಬಳ್ಳಿಗೆ ಹೋಗುವಾಗ ಬರೀ ಫೋಟೋಗ್ರಾಫರ್ ಆಗಿದ್ದ. ಎರಡು ದಿನ ಬಿಟ್ಟು ರಬಕವಿಗೆ ತಿರುಗಿ ಬರುವಾಗ ಕಲಾವಿದನಾಗಿ ಬಂದ. ಈ ಸಂಗತಿ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ಅವನ ಹೆಂಡತಿ ಪ್ರತಿಮಾಳಿಗೆ. ಬಸ್ಸಿಳಿದು ಬಂದವನು ಕೈಕಾಲು ತೊಳೆಯದೆ ನೇರ ಅಡುಗೆಮನೆಗೆ ಹೋಗಿ, ಒಲೆಯ ಹಿಂದಿನ ಹೊಗೆ ಹಿಡಿದ ಗೋಡೆಯ ಮುಂದೆ ನಿಂತು, "ಇಷ್ಟ ವರ್ಷ ಇದನ್ನ ನಾ ನೋಡೇ ಇರಲಿಲ್ಲ" ಎಂದ. ಸುಣ್ಣ ಹಚ್ಚಿಸಿರೆಂದು ನಾಲ್ಕು ವರ್ಷದಿಂದ ಹೇಳುತ್ತಿದ್ದ ಪ್ರತಿಮಾಳಿಗೆ, ಅಂತೂ ಕಣ್ಣಿಗೆ ಬಿತ್ತಲ್ಲ ಎಂದು ಸಮಾಧಾನವಾಯಿತು. ಅವನು ಚೀಲದಿಂದ ಕ್ಯಾಮೆರಾ ತೆಗೆದು ಗೋಡೆಯ ಫೋಟೋ ಹೊಡೆಯತೊಡಗಿದ ಮೇಲೆ ಆ ಸಮಾಧಾನ ಹೋಯಿತು.

ಹುಬ್ಬಳ್ಳಿಯಲ್ಲಿ ಮದುವೆ ಫೋಟೋ ತೆಗೆಯುವವರಿಗಾಗಿ ಒಂದು ತರಬೇತಿ ನಡೆದಿತ್ತು. ಕಂಪ್ಯೂಟರಿನಲ್ಲಿ ಮದುಮಕ್ಕಳ ಫೋಟೋದ ಮೇಲೆ ಹಳೆಯ ಗೋಡೆಯದೋ ಗೋಣಿತಟ್ಟಿನದೋ ಇನ್ನೊಂದು ಫೋಟೋವನ್ನು ತೆಳ್ಳಗೆ ಹೊದಿಸಿದರೆ, ಎಣ್ಣೆಬಣ್ಣದಲ್ಲಿ ಕೈಯಿಂದ ಬರೆದ ಚಿತ್ರದ ಹಾಗೆ ಕಾಣುತ್ತದೆ. ಆ ಹೊದಿಕೆಗೆ ಟೆಕ್ಸ್ಚರ್ ಎನ್ನುತ್ತಾರೆ ಎಂದು ಅಲ್ಲಿ ಕಲಿಸಿದರು. ಕಲಿಸಿದವರು 'ತೆಳ್ಳಗೆ' ಎಂಬ ಮಾತನ್ನು ಒತ್ತಿ ಒತ್ತಿ ಹೇಳಿದ್ದರು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ದುರಗೇಶ ವಹಿಯಲ್ಲಿ ಬರೆದುಕೊಂಡಿದ್ದ.

ಅಂದಿನಿಂದ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿಯಿಲ್ಲದಂತಾಯಿತು. ಬಚ್ಚಲಿನ ಪಾಚಿ, ತುಕ್ಕು ಹಿಡಿದ ತಗಡು, ರೊಟ್ಟಿಹಂಚಿನ ತಳ, ಎಲ್ಲವೂ ಕ್ಯಾಮೆರಾದೊಳಗೆ ಹೋದವು. (ಹಂಚು ಆರುವ ತನಕ ರೊಟ್ಟಿ ನಿಂತವು, ಹಂಚಿನ ಫೋಟೋ ಮುಗಿಯುವ ತನಕ ಮತ್ತೂ ನಿಂತವು.) ಅವಕ್ಕೆ ಅವನು ಹೆಸರನ್ನೂ ಇಟ್ಟ. ಒಲೆಯ ಗೋಡೆ 'ಧೂಮ್ರವರ್ಣ'ವಾಯಿತು, ಹಂಚಿನ ತಳ 'ಕೃಷ್ಣಶಿಲೆ'ಯಾಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅನಗವಾಡಿಯ ತನಕ ಗಾಡಿ ಹೊಡೆದುಕೊಂಡು ಹೋಗಿ, ಹೊಳೆದಂಡೆಯಲ್ಲಿ ಒಣಗಿ ಬಿರಿದ ಅರಲಿನ, ಅಂದರೆ ಕೆಸರಿನ, ಫೋಟೋ ತಂದ. ಅದಕ್ಕೆ 'ಚಿರಂತನ' ಎಂದು ಹೆಸರಿಟ್ಟ.

"ಒಲಿ ಹಿಂದಿನ ಗ್ವಾಡಿ ಒಯ್ದು ಮದುಮಗಳ ಮ್ಯಾಲ ಯಾಕ ಹಚ್ಚತೀರಿ?" ಎಂದು ಪ್ರತಿಮಾ ಒಂದು ಸಲ ಕೇಳಿದಳು. ಕಲೆ ಎಲ್ಲರಿಗೂ ತಿಳಿಯುವಂಥದಲ್ಲವೆಂದು ಅವನು ಸಮಾಧಾನದಿಂದಲೇ ತಿಳಿಸಿಹೇಳಿದ. ಅವಳು ಮುಂದೆ ಕೇಳಲಿಲ್ಲ.

ಎಂಟು ತಿಂಗಳು ಕಳೆದವು. ಈ ಕಡೆ ಮುಧೋಳ, ಆ ಕಡೆ ಸಾವಳಗಿಯ ತನಕ ದುರಗೇಶನ ಆಲ್ಬಮ್ಮುಗಳು ಗೋಡೆಗಳನ್ನು ಹೊದ್ದುಕೊಂಡು ಹೋದವು. ಒಬ್ಬ ಗಿರಾಕಿಯೂ ಅವನ ಹತ್ತಿರ ತಕರಾರು ತರಲಿಲ್ಲ. ಜಮಖಂಡಿಯ ಫೋಟೋಗ್ರಾಫರುಗಳು ಟೆಕ್ಸ್ಚರ್ ಹಾಕಿ ಬೈಸಿಕೊಂಡ ಸುದ್ದಿ ಬಂದಾಗ ಅವನು, ಅದಕ್ಕೆ ಕಣ್ಣು ಬೇಕು ಎಂದು ನಗುತ್ತಿದ್ದ. ಮಧ್ಯಾಹ್ನ ಅವನು ಶೂಟಿಂಗಿಗೆ ಹೋದಾಗ ಸ್ಟುಡಿಯೋದಲ್ಲಿ ಕೂಡುತ್ತಿದ್ದವಳು ಪ್ರತಿಮಾ. ಗಿರಾಕಿಗಳು ಏನಂದರು ಎಂದು ಸಂಜೆ ಕೇಳಿದರೆ, "ಏನೂ ಅನ್ನಲಿಲ್ರಿ, ಖುಷಿಲೆ ಹೋದ್ರು" ಎನ್ನುತ್ತಿದ್ದಳು.

ಅಷ್ಟರಲ್ಲಿ ಪ್ರತಿಮಾಳ ತಮ್ಮ ಧರ್ಮರಾಜನ ಮದುವೆ ಬಂತು. ತವರುಮನೆ ಪಕ್ಕದ ಬನಹಟ್ಟಿಯಲ್ಲೇ. ಅವಳ ತಂದೆ ರಾಚಪ್ಪ ಪವರ್‌ಲೂಮ್ ಹಾಕಿ ಹದಿನೈದು ವರ್ಷವಾಗಿದ್ದರೂ, ಸೊಸೆಯ ಸೀರೆಗೆಂದು ಹಳೆಯ ಕೈಮಗ್ಗದ ಧೂಳು ಕೊಡವಿ ತಾವೇ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಹನ್ನೊಂದು ದಿನ ನೇಯ್ದರು. ದಾಳಿಂಬೆ ಬಣ್ಣದ ಒಡಲು, ಅರಿಷಿಣ ಬಣ್ಣದ ದಡಿ. ಸೊಂಟ ಹಿಡಿದುಕೊಂಡಿದ್ದಕ್ಕೆ ಮದುವೆಯ ದಿನ ಅಕ್ಷತೆಯನ್ನು ಕೂತೇ ಹಾಕಿದರು. ಆ ಸೀರೆ ಉಟ್ಟು ಧರ್ಮರಾಜನ ಪಕ್ಕದಲ್ಲಿ ನಿಂತ ಸೊಸೆ ರಾಧಿಕಾಳ ಫೋಟೋವನ್ನು ದುರಗೇಶ ಬಹಳ ಅಕ್ಕರೆಯಿಂದ ತೆಗೆದ. ಮನೆಯವರದೇ ಮದುವೆ, ಹೀಗಾಗಿ ಇದಕ್ಕೆ ಸಾಮಾನ್ಯ ಟೆಕ್ಸ್ಚರ್ ಸಾಲದೆನಿಸಿ ಧೂಮ್ರವರ್ಣದ ಮೇಲೆ ಕೃಷ್ಣಶಿಲೆ, ಅದರ ಮೇಲೆ ಚಿರಂತನ, ಹೀಗೆ ಮೂರನ್ನೂ ಹೊದಿಸಿದ. ಬಾಗಿಲಗಲದ ಪ್ರಿಂಟ್ ಹಾಕಿಸಿ, ಚೌಕಟ್ಟು ಹಾಕಿಸಿ, ಒಂದು ರವಿವಾರ ಹೆಂಡತಿಯೊಂದಿಗೆ ಮಾವನ ಮನೆಗೆ ಹೊತ್ತುಕೊಂಡು ಹೋದ.

ಹೊದಿಕೆ ಬಿಚ್ಚಿದಾಗ ಯಾರೂ ಏನೂ ಮಾತಾಡಲಿಲ್ಲ. ಕಲೆಯ ಮುಂದೆ ಜನ ಮೂಕರಾಗುತ್ತಾರೆಂದು ದುರಗೇಶ ತಿಳಿದ. ಅವನ ಅತ್ತೆ ಸಾತವ್ವ ಒಳಗೆ ಹೋಗಿ ಹಸಿಬಟ್ಟೆ ತಂದು, ದಾರಿಯಲ್ಲಿ ಧೂಳು ಕೂತಿರಬೇಕೆಂದು ಒರೆಸಿದರು. ಹೋಗದಿದ್ದಾಗ ಸೆರಗಿಗೆ ಒಂದಿಷ್ಟು ಕೊಬ್ಬರಿಎಣ್ಣೆ ಹಚ್ಚಿಕೊಂಡು ತಿಕ್ಕಿದರು. ರಾಧಿಕಾ ಫೋಟೋದಲ್ಲಿನ ತನ್ನ ಗಲ್ಲವನ್ನು ಬಹಳ ಹೊತ್ತು ನೋಡಿ, ಎದ್ದು ಕನ್ನಡಿಯ ಕಡೆಗೆ ಹೋದಳು. ಕಡೆಗೆ ರಾಚಪ್ಪ ಎಳೆ ಎಣಿಸುವ ಭೂತಗನ್ನಡಿ ತೆಗೆದುಕೊಂಡು ಬಂದು, ಸೀರೆಯ ಸೆರಗಿನಿಂದ ನಿರಿಗೆಯ ತನಕ ಇಂಚಿಂಚಾಗಿ ನೋಡಿದರು.

"ಅಳಿಯಾರ, ಈ ಸೀರಿ ನಾ ನೇಯ್ದಿದ್ದಲ್ಲ," ಎಂದರು. "ನಾ ನೇಯ್ದಿದ್ದರಾಗ ಒಂದ ಎಳಿನೂ ಹರದಿದ್ದಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ದುರಗೇಶ ವಾದ ಮಾಡುತ್ತಿದ್ದ. ಅವರು ಮೆಲ್ಲಗೆ ಹೇಳಿ, ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿ ಕಿಸೆಗೆ ಹಾಕಿಕೊಂಡು, ಸೊಂಟ ಹಿಡಿದುಕೊಳ್ಳುತ್ತ ಹೊರಗೆ ಹೋದರು. ಅವನಿಗೆ ಮೊದಲ ಸಲ ಆ ಫೋಟೋದಲ್ಲಿ ಮಾವನ ಹನ್ನೊಂದು ದಿನ ಎಲ್ಲಿ ಹೋದವೆಂದು ಹುಡುಕುವಂತಾಯಿತು. ಸೀರೆ ಇದ್ದಲ್ಲಿ ಅನಗವಾಡಿಯ ಅರಲು ಬಿರಿದು ಕೂತಿತ್ತು.

ಟೆಕ್ಸ್ಚರ್ ತೆಗೆದು ಬೇರೆ ಪ್ರಿಂಟ್ ತಂದರಾಯಿತೆಂದು ಸ್ಟುಡಿಯೋಕ್ಕೆ ಬಂದು ಕಂಪ್ಯೂಟರ್ ಹಚ್ಚಿ ಅಸಲು ಫೋಟೋ ಹುಡುಕಿದ. ಮೂರು ಗೋಡೆಗಳನ್ನೂ ಫೋಟೋದೊಂದಿಗೆ ಅವನು ಒಂದಾಗಿ ಸೇರಿಸಿ, ಅದೇ ಹೆಸರಿನಲ್ಲಿ ಇಟ್ಟುಬಿಟ್ಟಿದ್ದ. ಅಸಲು ಫೋಟೋ ಅದರೊಳಗೇ ಕರಗಿತ್ತು. ಕ್ಯಾಮೆರಾದ ಕಾರ್ಡನ್ನು ಅಳಿಸಿ ಆಮೇಲೆ ಮೂರು ಮದುವೆ ತೆಗೆದಾಗಿತ್ತು. ಎರಡು ದಿನ ಅವನು ಉಣ್ಣುವುದಕ್ಕೆ ಕೂತರೂ ರೊಟ್ಟಿಯ ಕಲೆಗಳನ್ನೇ ನೋಡುತ್ತ ಕೂತ. ಮೂರನೆಯ ದಿನ ಬೆಳಿಗ್ಗೆ ಹೆಂಡತಿಯನ್ನು ಕರೆದು ಎಲ್ಲವನ್ನೂ ಹೇಳಿದ. ರಾಧಿಕಾ ಮತ್ತೊಮ್ಮೆ ಸೀರೆ ಉಟ್ಟು, ಧರ್ಮರಾಜ ಮತ್ತೊಮ್ಮೆ ಬಾಸಿಂಗ ಕಟ್ಟಿಕೊಂಡು ನಿಲ್ಲುವಂತೆ ಮಾವನವರಿಗೆ ನೀನೇ ಹೇಳಬೇಕು ಎಂದು ಬೇಡಿಕೊಂಡ.

ಪ್ರತಿಮಾ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಬಿಸ್ಕೀಟಿನ ಡಬ್ಬಿ ತೆಗೆದು ಅವನ ಮುಂದಿಟ್ಟಳು. ಅದರ ತುಂಬ ಸೀಡಿಗಳು. ಎಲ್ಲದಕ್ಕಿಂತ ಮೇಲಿನದರ ಮೇಲೆ ಅವಳ ದುಂಡು ಅಕ್ಷರದಲ್ಲಿ 'ಧರ್ಮ ಮದುವಿ, ಬರೇ ಫೋಟೋ' ಎಂದಿತ್ತು.

ದುರಗೇಶನಿಗೆ ಹೋದ ಜೀವ ಬಂದಂತಾಯಿತು. ಅದನ್ನು ಎತ್ತಿ ಎದೆಗೆ ಒತ್ತಿಕೊಂಡ. ಆಮೇಲೆ ಅದರ ಕೆಳಗಿನದು ಕಂಡಿತು. ಅದರ ಕೆಳಗಿನದೂ. ಮುಧೋಳದ ಕಾಮಣ್ಣನ ಮಗಳು, ತುಬಚಿಯ ವೀರಣ್ಣ, ಬೀಳಗಿಯ ಶೇವಂತಿ. ಎಂಟು ತಿಂಗಳ ಮದುವೆಗಳೆಲ್ಲ ಒಂದೂ ಬಿಡದೆ ಡಬ್ಬಿಯಲ್ಲಿದ್ದವು. ಎಲ್ಲದರ ಮೇಲೂ 'ಬರೇ ಫೋಟೋ'.

"ಇವೆಲ್ಲಾ ಏನು?" ಎಂದ.

ಅವಳು ಅಪರಾಧಿಯ ಹಾಗೇನೂ ಕಾಣಲಿಲ್ಲ. ಮೊದಲನೆಯ ಆಲ್ಬಮ್ ಒಯ್ದ ಕಾಮಣ್ಣನ ಹೆಂಡತಿ ಮರುದಿನವೇ ಬಂದು, ಮಗಳ ಮುಖಕ್ಕೆ ಇದೇನಾಯಿತೆಂದು ಕೌಂಟರಿಗೆ ಹಣೆ ಹಚ್ಚಿ ಅತ್ತಳಂತೆ. ಅಲ್ಲಿಯ ತನಕದ ಅಸಲು ಫೋಟೋಗಳು ಕಾರ್ಡಿನಲ್ಲಿ ಇನ್ನೂ ಅಳಿಸದೆ ಉಳಿದಿದ್ದವು, ಅವನ್ನು ಅಂದೇ ಸೀಡಿಗೆ ಹಾಕಿಟ್ಟಳು. ಅಂದಿನಿಂದ ಪ್ರತಿಮಾ, ಗಂಡ ಕಾರ್ಡ್ ತಂದಿಟ್ಟು ಸ್ನಾನಕ್ಕೆ ಹೋದಾಗಲೇ ಅಸಲು ಫೋಟೋಗಳನ್ನು ಸೀಡಿಗೆ ಹಾಕಿಕೊಳ್ಳುವುದು, ಗಿರಾಕಿ ತಿರುಗಿ ಬಂದರೆ ಬೇರೆ ಪ್ರಿಂಟ್ ಕೊಡುವುದು. ಬರದವರು ಯಾರೂ ಇರಲಿಲ್ಲ. ಸೀಡಿ ಹಾಕುವುದನ್ನು, ಪ್ರಿಂಟ್ ತೆಗೆಯುವುದನ್ನು ಅವಳಿಗೆ ಕಲಿಸಿದವನು ದುರಗೇಶನೇ.

"ಖುಷಿಲೆ ಹೋದ್ರು ಅಂತಿದ್ಯಲ್ಲ."

"ಖುಷಿಲೆನ ಹೋದ್ರು. ಎರಡನೇ ಸಲ ಬಂದಾಗ."

ಆ ಸಂಜೆಯೇ ಇಬ್ಬರೂ ಹೊಸ ಪ್ರಿಂಟ್ ಹಿಡಿದು ಬನಹಟ್ಟಿಗೆ ಹೋದರು. ರಾಚಪ್ಪ ಮತ್ತೆ ಭೂತಗನ್ನಡಿ ತಂದು, ದಡಿ ನೋಡಿ, ಸೆರಗು ನೋಡಿ, ಒಂದು ಕಡೆ ಬಹಳ ಹೊತ್ತು ನಿಂತರು. "ಇಲ್ಲೊಂದು ಹೊಕ್ಕಿನ ಎಳಿ ಸ್ವಲ್ಪ ಸಡಿಲ ಬಿದ್ದೈತಿ," ಎಂದರು ಅವರು, ಖುಷಿಯಿಂದ. "ಹೌದು, ಇದು ನಂದ." ಮೊಳೆಯನ್ನು ತಾವೇ ಹೊಡೆದರು.

ಇಬ್ಬರೂ ನಡೆದೇ ತಿರುಗಿದರು. ರಬಕವಿಯ ಮೊದಲ ಮಗ್ಗದ ಸದ್ದು ಕೇಳಿಸುವಾಗ ದುರಗೇಶ, ಬೇರೆ ಕಡೆ ನೋಡುತ್ತ, ಎಂಟು ತಿಂಗಳಲ್ಲಿ ಒಬ್ಬರಿಗಾದರೂ ತನ್ನ ಕೆಲಸ ಸೇರಲಿಲ್ಲವೇ ಎಂದು ಕೇಳಿದ.

ಪ್ರತಿಮಾ ವಿಚಾರ ಮಾಡಿದಳು. ಸಾವಳಗಿಯ ಮುದಕಪ್ಪ ಎಂಬವನು ಮಗನ ಮದುವೆಯ ಬೇರೆ ಪ್ರಿಂಟ್ ಒಯ್ದು, ಮರುದಿನ ಅದನ್ನು ತಂದುಕೊಟ್ಟು ಮೊದಲಿನದನ್ನೇ ಇಸಿದುಕೊಂಡು ಹೋದನೆಂದಳು.

ದುರಗೇಶ ನಿಂತ. "ಖರೆನ? ಏನಂದ?"

"ಅವಗ ಸಣ್ಣಾಂವಿದ್ದಾಗ ಮೈಲಿ ಬಂದಿತ್ತಂತ, ಮುಖದ ತುಂಬ ಕಲಿ. ಇದರಾಗ ಹೆಂಡ್ತಿ, ಬೀಗ್ರು, ಸ್ವಾಮ್ಯಾರು ಎಲ್ಲಾರಿಗೂ ಕಲಿ ಬಂದಾವು, ಹಿಂಗಾಗಿ ನನ್ನವು ಎದ್ದ ಕಾಣಂಗಿಲ್ಲ ಅಂದ. ಪಡಸಾಲ್ಯಾಗ ಹಾಕ್ಯಾನಂತ."

ದುರಗೇಶನ ಮುಖ ಅರಳಿತು. ಪಡಸಾಲೆಯಲ್ಲಿ ಯಾವ ಗೋಡೆಗೆ ಎಂದು ಕೇಳಿದ; ಬಾಗಿಲಿನೆದುರಿಗೇ ಎಂದಳು. ಮನೆ ಮುಟ್ಟುವ ತನಕ ಅದನ್ನು ಅವಳಿಂದ ಮತ್ತೆರಡು ಸಲ ಹೇಳಿಸಿಕೊಂಡ.