ರಿವರ್ಸ್ ಇಲ್ಲದ ಗಾಡಿ

ಭೋಜಣ್ಣನ ಟೆಂಪೋಗೆ ರಿವರ್ಸ್ ಗೇರು ಬೀಳುತ್ತಿರಲಿಲ್ಲ. ಅಂದಿನ ಇಡೀ ರಾದ್ಧಾಂತಕ್ಕೆ ಮೂಲ ಅಷ್ಟೇ. ಮುಂದೆ ಹೋಗುವ ಗೇರುಗಳೆಲ್ಲ ಸರಿಯಾಗಿದ್ದವು. ಎಡಗಡೆಯ ಬಾಗಿಲನ್ನು ನೈಲಾನ್ ಹಗ್ಗದಿಂದ ಬಿಗಿಯಲಾಗಿತ್ತು. ಹಾರ್ನು ಮಾತ್ರ ಸ್ಟೇರಿಂಗ್ ಎಡಕ್ಕೆ ತಿರುಗಿದಾಗಲೆಲ್ಲ ಯಾರೂ ಮುಟ್ಟದೆ ತಾನಾಗಿಯೇ ಕೂಗುತ್ತಿತ್ತು. ಡ್ರೈವರ್ ಹನುಮೇಶ ಆರು ತಿಂಗಳಿಂದ ರಿವರ್ಸ್ ಗೇರಿನ ದೂರು ಹೇಳುತ್ತಲೇ ಇದ್ದ. ಭೋಜಣ್ಣ ಅದನ್ನು ತಳ್ಳಿಹಾಕುತ್ತಲೇ ಇದ್ದರು.

"ನಾವು ಮಾಲು ಕೊಂಡುಹೋಗುವುದು ಮುಂದೆ ಅಲ್ವಾ? ಹಿಂದೆ ಹೋಗುವ ಕೆಲಸ ಎಂತ ಉಂಟು ನಿನಗೆ?"

ಹಿಂದೆ ಹೋಗುವ ಕೆಲಸವೇ ಈಗ ಜಾಸ್ತಿಯಾಗಿತ್ತು ಎಂಬುದನ್ನು ಹನುಮೇಶ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉದ್ಯಾವರದಲ್ಲಿ ಭೋಜಣ್ಣನದು ಸಗಟು ಏಜೆನ್ಸಿ. ಶಾವಿಗೆ, ಬಿಸ್ಕತ್ತು, ಸಾಂಬಾರು ಪುಡಿಗಳನ್ನು ಕಾಪು, ಎರ್ಮಾಳ್ ಕಡೆಯ ಅಂಗಡಿಗಳಿಗೆ ಹಂಚುವ ವ್ಯವಹಾರ. ಮೊದಲೆಲ್ಲ ಟೆಂಪೋ ತುಂಬಿ ಹೋಗಿ ಖಾಲಿಯಾಗಿ ಬರುತ್ತಿತ್ತು. ಈಗ ಮನೆಮನೆಯ ಮೊಬೈಲಿಗೇ ಅಂಗಡಿ ಬಂದು ಕೂತ ಮೇಲೆ ಮಾಲು ಕಪಾಟಿನಲ್ಲೇ ಮುದಿಯಾಗಿ, ತಾರೀಕು ಮುಗಿಸಿಕೊಂಡು, ಬಂದ ದಾರಿಯಲ್ಲೇ ವಾಪಸಾಗುತ್ತಿತ್ತು. ತಾರೀಕು ಮುಗಿದ ಮಾಲನ್ನು ಕಾರ್ಕಳದ ಕಂಪೆನಿ ಡಿಪೋಗೆ ಮುಟ್ಟಿಸಿದರೆ ಅವರು ತೆಗೆದುಕೊಂಡು ಹೊಸ ಮಾಲು ಕೊಡುತ್ತಿದ್ದರು. ಅದಕ್ಕೂ ಒಂದು ಗಡುವು ಇತ್ತು.

ಈ ಸಲದ ಗಡುವು ಇವತ್ತು ಮಧ್ಯಾಹ್ನ ಒಂದು ಗಂಟೆ.

"ಅರವತ್ತೆರಡು ಬಾಕ್ಸು ಶಾವಿಗೆ," ಎಂದರು ಭೋಜಣ್ಣ, ಪ್ರತಿಯೊಂದರ ಮೇಲೂ ನೀಲಿ ಚಾಕಿನಿಂದ 'ಭೋ' ಎಂದು ಬರೆಯುತ್ತ. "ಒಂದರ ಒಳಗೆ ಡಿಪೋದಲ್ಲಿ ಇಳಿಸಿಬಿಟ್ಟರೆ, ನಾಡಿದ್ದು ಬರುವ ಹೊಸ ಗಾಡಿಯ ಕೀ ನಿನ್ನದೇ. ಮತ್ತೆ, ದಾರಿಯಲ್ಲಿ ಯಾರ ಹತ್ತಿರವೂ ಇದು ಡೇಟ್ ಮುಗಿದ ಮಾಲು ಅಂತ ಹೇಳಬೇಡ. ನಮ್ಮ ಮರ್ಯಾದೆ ಪ್ರಶ್ನೆ."

ಹೊಸ ಗಾಡಿ! ಎರಡೂ ಬಾಗಿಲು ತೆಗೆಯುವ ಗಾಡಿ, ರಿವರ್ಸ್ ಹಾಕಿದರೆ ಪೀಂ ಪೀಂ ಎನ್ನುವ ಗಾಡಿ! ಕುಷ್ಟಗಿಯಿಂದ ಬಂದು ಮೂರು ವರ್ಷ ಈ ಹಗ್ಗದ ಬಾಗಿಲಿನ ಜೊತೆ ಏಗಿದ ಹನುಮೇಶನಿಗೆ ಕಣ್ಣು ತುಂಬಿ ಬಂತು. ಹೆಂಡತಿ ನಾಗವೇಣಿಗೆ ಆಗಲೇ ಫೋನು ಮಾಡಿ ಹೇಳಿಯೂ ಬಿಟ್ಟ.

ಗೋಡೌನಿನ ಮೂಲೆಯಲ್ಲಿ ಇನ್ನೂ ನಲವತ್ತು ಬಾಕ್ಸು ಇದ್ದವು. ಅವು ತೀರಾ ಹಳೆಯವು, ಡಿಪೋದವರು ಮುಟ್ಟುವುದಿಲ್ಲ. "ಅವನ್ನೇನ್ ಮಾಡೂದ್ರಿ ಧಣ್ಯಾರ?" ಎಂದು ಹನುಮೇಶ ಕೇಳಿದ್ದಕ್ಕೆ ಭೋಜಣ್ಣ, "ಅದರ ಚಿಂತೆ ನಿನಗೆ ಬೇಡ. ಅದಕ್ಕೆ ಬೇರೆ ದಾರಿ ಉಂಟು," ಎಂದುಬಿಟ್ಟರು. ಏಜೆನ್ಸಿಯ ಇನ್ನೊಬ್ಬ ಡ್ರೈವರ್ ಉಜ್ವಲ್ ಬಿಳಿ ಪಂಚೆ ಉಟ್ಟು, ಗಂಧ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಎಲ್ಲೋ ಮದುವೆಯಿರಬೇಕು ಎಂದುಕೊಂಡು ಹನುಮೇಶ ಗಾಡಿ ಬಿಟ್ಟ.

ಉಡುಪಿ ದಾಟಿತು, ಮಣಿಪಾಲ ದಾಟಿತು. ಹತ್ತೂವರೆಗೆ ಹಿರಿಯಡ್ಕವೂ ದಾಟಿತು. ಹನುಮೇಶ ಹಾಡು ಗುನುಗುತ್ತ ಒಂದು ತಿರುವಿಗೆ ಬಂದವನು ಗಕ್ಕನೆ ನಿಲ್ಲಿಸಿದ. ಮುಂದೆ ಗಾಡಿಗಳ ಸಾಲು. ಪ್ರತಿ ಗಾಡಿಗೂ ಬಾಳೆಗಿಡ, ಮಾವಿನೆಲೆ, ಕೇಸರಿ ಬಾವುಟ. ಒಂದರಲ್ಲಿ ಅಕ್ಕಿ ಮೂಟೆ, ಒಂದರಲ್ಲಿ ತೆಂಗಿನಕಾಯಿ, ಇನ್ನೊಂದರ ತುಂಬ ಸೌತೆಕಾಯಿ. ಒಳಗಿನ ಊರಿನ ದೇವಸ್ಥಾನದ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶದ ಉತ್ಸವ. ಊಟದ ಅಡಿಗೆಗೆ ಭಕ್ತರು ಕೊಟ್ಟ ಸಾಮಾನಿನ ಹೊರೆಕಾಣಿಕೆ ಮೆರವಣಿಗೆಯಲ್ಲಿ ಹೊರಟಿತ್ತು.

ಹನುಮೇಶ ಹಿಂದೆ ನೋಡಿದ. ಅಷ್ಟರಲ್ಲಿ ಅವನ ಹಿಂದೆಯೂ ಎಂಟು ಗಾಡಿ ಬಂದು ನಿಂತಿದ್ದವು.

ಹೆಗಲಿಗೆ ಶಾಲು, ಬಾಯಲ್ಲಿ ಪೀಪಿ ಇದ್ದ ಒಬ್ಬ ಸ್ವಯಂಸೇವಕ ಓಡಿಬಂದ. ಎಲ್ಲರೂ ಅವನನ್ನು ಧನರಾಜಣ್ಣ ಎಂದು ಕರೆಯುತ್ತಿದ್ದರು.

"ಎಂತ ಮಾರಾಯ್ರೆ ಇಷ್ಟು ಲೇಟು? ಹದಿನೇಳನೇ ಗಾಡಿ ಬರಲಿಲ್ಲ ಅಂತ ನಾನು ಬೆಳಗ್ಗಿನಿಂದ ಕಾಯ್ತಾ ಇದ್ದೇನೆ!"

"ಅಣ್ಣಾರ, ನಂದು ಹೊರೆಕಾಣಿಕಿ ಗಾಡಿ ಅಲ್ಲರೀ. ನಾ ಕಾರ್ಕಳಕ್ಕ ಹೊಂಟೀನ್ರಿ."

"ಹಾಗಾದರೆ ರಿವರ್ಸ್ ತೆಗೆದು ಬದಿಗೆ ಹೋಗಿ ಮಾರಾಯ್ರೆ!"

"ರಿವರ್ಸ್ ಇಲ್ಲರೀ!"

ಧನರಾಜಣ್ಣ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ರಿವರ್ಸ್ ಇಲ್ಲದ ಗಾಡಿ ಅವನ ಜನ್ಮದಲ್ಲಿ ಕಂಡದ್ದಿಲ್ಲ. ಕಾಣಿಕೆ ಕೊಡಲು ನಾಚುವ ಬಡಪಾಯಿ ಇರಬೇಕು ಎಂದುಕೊಂಡ. "ನಾಚಿಕೆ ಎಂತಕ್ಕೆ? ಕೊಟ್ಟದ್ದು ಸಣ್ಣದಾದರೂ ದೇವರಿಗೆ ಲೆಕ್ಕ ಇಲ್ಲ," ಎಂದು ಭುಜ ತಟ್ಟಿ ಪೀಪಿ ಊದಿದ. ಎರಡೇ ನಿಮಿಷದಲ್ಲಿ ನಾಲ್ಕು ಜನ ಬಂದು ಟೆಂಪೋಗೆ ಬಾಳೆಗಿಡ ಕಟ್ಟಿ, ಕನ್ನಡಿಗೆ ಹೂ ಮುಡಿಸಿ, ಮುಂದಿನ ಗಾಜಿಗೆ ಕುಂಕುಮ ಹಚ್ಚಿದರು. ದೊಡ್ಡ ಕುಂಬಳಕಾಯಿ ಹೊತ್ತ ಹೆಂಗಸೊಬ್ಬರು ಹಗ್ಗ ಬಿಚ್ಚಿ ಸೀದಾ ಒಳಗೆ ಬಂದು ಕೂತರು.

"ನಾನು ಬೈಲೂರಿನ ಕಮಲ. ನಡೆಯಲಿಕ್ಕೆ ಆಗುವುದಿಲ್ಲ, ಮಂಡಿ ನೋವು. ಗಾಡಿ ಬಿಡಿ."

ಮುಂದಿನ ಗಾಡಿ ಎಡಕ್ಕೆ, ದೇವಸ್ಥಾನದ ದಾರಿಗೆ ತಿರುಗಿತು. ಸೀದಾ ಹೋಗುವ ರಸ್ತೆಗೆ ಸ್ವಯಂಸೇವಕರು ಅಡ್ಡ ನಿಂತಿದ್ದರಿಂದ ಹನುಮೇಶನೂ ತಿರುಗಿಸಲೇಬೇಕಾಯಿತು. ಒಡನೆಯೇ ಹಾರ್ನು ಕಿವಿ ಹರಿಯುವ ಹಾಗೆ ಕೂಗಿತು. ಅದನ್ನು ಕೇಳಿ ಖುಷಿಯಾದ ಚೆಂಡೆಯವರು ಇನ್ನೂ ಜೋರಾಗಿ ಬಾರಿಸತೊಡಗಿದರು.

ಆ ದಾರಿಯಲ್ಲಿ ಒಂದೇ ಗಾಡಿಗೆ ಜಾಗ. ವೇಗ ಆಮೆಯದು. "ಅಕ್ಕಾರ, ಈ ಮಾಲು ಕಾರ್ಕಳಕ್ಕ ಹೋಗಬೇಕ್ರಿ," ಎಂದು ಹನುಮೇಶ ಕಮಲಕ್ಕನಿಗೆ ಮೂರು ಸಲ ಹೇಳಿದ. ಚೆಂಡೆಯ ಅಬ್ಬರದಲ್ಲಿ ಕಮಲಕ್ಕನಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಅವರು ಮೂರು ಸಲವೂ ನಕ್ಕು ತಲೆಯಾಡಿಸಿದರು. ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಆಗಲೇ ಭೋಜಣ್ಣನ ಫೋನು ಬಂತು.

"ಎಲ್ಲಿದ್ದಿ?"

"ಹಿರಿಯಡ್ಕ ದಾಟೀನ್ರಿ ಧಣ್ಯಾರ!" ಅದು ಸುಳ್ಳಲ್ಲ.

"ಎಂತದು ಚೆಂಡೆ ಶಬ್ದ?"

"ಯಾರದೋ ಮೆರವಣಿಗಿ ಹೊಂಟೈತ್ರಿ." ಅದೂ ಸುಳ್ಳಲ್ಲ. ಭೋಜಣ್ಣನ ಕಡೆಯಿಂದಲೂ ಚೆಂಡೆ ಕೇಳಿದ ಹಾಗಾಯಿತು. ತನ್ನ ಕಡೆಯ ಸದ್ದೇ ಫೋನಿನಲ್ಲಿ ತಿರುಗಿ ಬರುತ್ತಿದೆ ಎಂದುಕೊಂಡ ಹನುಮೇಶ.

ದೇವಸ್ಥಾನದ ಗದ್ದೆಯಲ್ಲಿ ಗಾಡಿ ನಿಂತದ್ದೇ ತಡ, ಜನ ಮುಗಿಬಿದ್ದರು. ಕಾರ್ಕಳದ ಡಿಪೋದಲ್ಲಿ ಅರವತ್ತೆರಡು ಬಾಕ್ಸು ಇಳಿಸಬೇಕಾದರೆ ಎರಡು ಸುತ್ತು ಚಹಾ, ಒಂದು ಜಗಳ ಆಗಲೇಬೇಕಿತ್ತು. ಇಲ್ಲಿ ಕೈಯಿಂದ ಕೈಗೆ ಬಾಕ್ಸುಗಳು ಹಾರಿ ನಾಲ್ಕೇ ನಿಮಿಷದಲ್ಲಿ ಉಗ್ರಾಣದ ಶೆಡ್ಡು ಸೇರಿದವು. ಹನುಮೇಶ "ಇಳಸಬ್ಯಾಡ್ರೀ!" ಎಂದು ಎರಡೂ ಕೈ ಚಾಚಿದ. ಯಾರೋ ಆ ಕೈಗಳಿಗೆ ಒಂದು ಪ್ರಸಾದದ ಪೊಟ್ಟಣ, ಒಂದು ಲೋಟ ಪಾನಕ ಇಟ್ಟು ಹೋದರು.

"ಓ, ಶಾವಿಗೆಯಾ!" ಎಂದು ಕಮಲಕ್ಕ ಕೂಗಿದರು. "ಹಾಗಾದರೆ ಇವತ್ತು ಪಾಯಸ ಗಟ್ಟಿ!"

ಹನುಮೇಶ ತಿರುಗಿ ನೋಡಿದ. ಅಡಿಗೆ ಶೆಡ್ಡಿನಲ್ಲಿ ಆಳೆತ್ತರದ ಕೊಪ್ಪರಿಗೆಗಳು ಕುದಿಯುತ್ತಿದ್ದವು. ಗದ್ದೆಯಲ್ಲಿ ಕಡಿಮೆಯೆಂದರೂ ಐದು ಸಾವಿರ ಜನ. ಚಿಕ್ಕ ಮಕ್ಕಳು, ಮುದುಕರು, ಬಾಣಂತಿಯರು. ಅವರೆಲ್ಲರ ಹೊಟ್ಟೆಗೆ ಡೇಟ್ ಮುಗಿದ ಶಾವಿಗೆ! ಹೊಸ ಗಾಡಿಯ ಕೀ ಒಂದು ಕ್ಷಣ ಅವನ ಕಣ್ಣ ಮುಂದಿನಿಂದ ಮಾಯವಾಯಿತು.

ಸದ್ದಿಲ್ಲದೆ ಕೆಲಸ ಮುಗಿಸೋಣ ಎಂದು ಶೆಡ್ಡಿಗೆ ನುಗ್ಗಿ ಒಂದು ಬಾಕ್ಸು ಹೆಗಲಿಗೇರಿಸಿಕೊಂಡು ಹೊರಬಂದ. ಬಾಗಿಲಲ್ಲೇ ಇಬ್ಬರು, "ಛೆ, ದಾನಿಗಳು ಹೊರುವುದಾ? ಕೊಡಿ ಇಲ್ಲಿ," ಎಂದು ಕಸಿದುಕೊಂಡು ಪುನಃ ಒಳಗಿಟ್ಟರು. ಇನ್ನೊಂದನ್ನು ಹಿಂಬಾಗಿಲಿನಿಂದ ತಂದ. ಅಲ್ಲಿ ಮತ್ತಿಬ್ಬರು ಕಸಿದುಕೊಂಡರು. ಮೂರನೆಯದನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಮುಚ್ಚಿ ಬಗ್ಗಿ ಬರುವಾಗ ಎದುರಿಗೇ ಧನರಾಜಣ್ಣ.

"ಎಂತದು? ಕೊಟ್ಟ ಕಾಣಿಕೆಯನ್ನು ಕದ್ದುಕೊಂಡು ಹೋಗುವುದಾ?"

ಪೀಪಿ ಕೂಗಿತು. ಜನ ಸೇರಿದರು. ಯಾರೋ ಮೊಬೈಲ್ ತೆಗೆದು ವಿಡಿಯೋ ಹಿಡಿದರು. ಅತ್ತ ವೇದಿಕೆಯ ಕೆಳಗೆ ನಿಂತ ಮೈಕಿನವನು, "ಈಗ ವೇದಿಕೆಯಲ್ಲಿ ದಾನಿಗಳಿಗೆ ಸನ್ಮಾನ. ಮೊದಲನೆಯದಾಗಿ, ಶಾವಿಗೆಯ ಸೇವೆ ನೀಡಿದ..." ಎಂದು ಶುರುಮಾಡಿದ. ಇತ್ತ ಅಡಿಗೆಯ ಭಟ್ಟರು ಕೈಯಲ್ಲಿ ಕತ್ತರಿ ಹಿಡಿದು ಕೊಪ್ಪರಿಗೆಯ ಹತ್ತಿರ ಬಗ್ಗುತ್ತಿದ್ದರು. ಕತ್ತರಿ ಕಂಡದ್ದೇ ಹನುಮೇಶನಿಗೆ ಉಳಿದದ್ದೇನೂ ಕೇಳಿಸಲಿಲ್ಲ. ಜನರನ್ನು ಸೀಳಿಕೊಂಡು ಓಡಿದ, ಮೈಕು ಕಸಿದುಕೊಂಡ, ಇದ್ದಷ್ಟು ಉಸಿರೆಲ್ಲ ಒಟ್ಟುಮಾಡಿ ಕೂಗಿದ.

"ಶಾವಿಗಿ ಹಾಕಬ್ಯಾಡ್ರೀ! ಅದರ ಡೇಟ್ ಮುಗದೈತಿ! ಯಾರೂ ಉಣ್ಣಬ್ಯಾಡ್ರೀ!"

ಚೆಂಡೆ ನಿಂತಿತು. ಐದು ಸಾವಿರ ತಲೆಗಳು ಒಟ್ಟಿಗೆ ತಿರುಗಿದವು. ಹನುಮೇಶನ ಕಡೆಗಲ್ಲ, ವೇದಿಕೆಯ ಕಡೆಗೆ.

ವೇದಿಕೆಯ ಮೇಲೆ, ಒಂದು ಹೆಗಲಿಗೆ ಶಾಲು ಬಿದ್ದು ಇನ್ನೊಂದು ಹೆಗಲಿಗೆ ಬೀಳಬೇಕೆನ್ನುವಾಗ, ಭೋಜಣ್ಣ ಬಾಯಿ ತೆರೆದು ನಿಂತಿದ್ದರು. ಪಕ್ಕದಲ್ಲಿ ಬಿಳಿ ಪಂಚೆಯ ಉಜ್ವಲ್. ಅವನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹೂ ಏರಿಸಿದ ಒಂದು ಕೀ. ಕೆಳಗೆ, ಬಾಳೆಗಿಡ ಕಟ್ಟಿಕೊಂಡು ಥಳಥಳ ಹೊಳೆಯುವ ಹೊಸ ಗಾಡಿ. ನಾಡಿದ್ದು ಬರಬೇಕಾದ ಗಾಡಿ ಇವತ್ತೇ ಬಂದು, ಮೆರವಣಿಗೆ ತೆವಳುವಷ್ಟರಲ್ಲಿ ಇನ್ನೊಂದು ರಸ್ತೆಯಿಂದ ಮೊದಲೇ ತಲುಪಿ ದೇವರ ಮುಂದೆ ನಿಂತಿತ್ತು.

"ಯಾವ ಶಾವಿಗೆ ಮಾರಾಯ್ರೆ?" ಉಗ್ರಾಣದ ಉಸ್ತುವಾರಿ ಸುಗಂಧಿ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಬಂದರು. "ಭಟ್ಟರ ಕತ್ತರಿ ಬೆಲ್ಲದ ಗೋಣಿಗೆ. ಇವತ್ತಿನದು ಕಡಲೆಬೇಳೆ ಪಾಯಸ. ನೀವು ಬನ್ನಿ ಇಲ್ಲಿ."

ಅವರು ಹನುಮೇಶನನ್ನು ಉಗ್ರಾಣದ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಟಾರ್ಪಾಲಿನ ಅಡಿಯಲ್ಲಿ ಆಳೆತ್ತರದ ರಾಶಿ: ಬಿಸ್ಕತ್ತು, ಸಾಂಬಾರು ಪುಡಿ, ಎಣ್ಣೆ ಡಬ್ಬಿ. ರಾಶಿಯ ಮುಂದೆ ನಿವೃತ್ತ ಟೀಚರೊಬ್ಬರು ಭೂತಗನ್ನಡಿ ಹಿಡಿದು ತಾರೀಕು ಓದುತ್ತ ಕೂತಿದ್ದರು.

"ಅಕ್ಕಿ, ಕಾಯಿ, ತರಕಾರಿ ಕೊಡುವವರು ಒಳ್ಳೆಯದನ್ನೇ ಕೊಡ್ತಾರೆ. ಈ ಪ್ಯಾಕೆಟ್ ಮಾಲಿನದ್ದೇ ಕಥೆ," ಎಂದರು ಸುಗಂಧಿ ಅಕ್ಕ. "ವ್ಯಾಪಾರ ಇಲ್ಲ, ಕಂಪೆನಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಹಾಗಾದರೆ ದೇವರಿಗೆ! ಕಾಣಿಕೆ ಬೇಡ ಅನ್ನಲಿಕ್ಕೆ ಆಗುತ್ತದಾ? ನಗುತ್ತಾ ತೆಗೆದುಕೊಳ್ಳುತ್ತೇವೆ, ಹಿಂದೆ ತಂದು ಇಡುತ್ತೇವೆ. ತಾನಾಗಿ ಬಾಯಿಬಿಟ್ಟು ಹೇಳಿದವರು ನೀವೊಬ್ಬರೇ."

ಹನುಮೇಶನ ಕಣ್ಣು ರಾಶಿಯ ಪಕ್ಕಕ್ಕೆ, ಆಗಷ್ಟೇ ತಂದಿಟ್ಟ ಮಾಲಿನ ಕಡೆಗೆ ಹೋಯಿತು. ನಲವತ್ತು ಬಾಕ್ಸು ಶಾವಿಗೆ. ಪ್ರತಿಯೊಂದರ ಮೇಲೂ ನೀಲಿ ಚಾಕಿನ 'ಭೋ'. ಬೇರೆ ದಾರಿ ಎಂದರೆ ಯಾವುದು ಎಂದು ಅವನಿಗೆ ಈಗ ಅರ್ಥವಾಯಿತು. ಮೂರು ವರ್ಷ ಯಾರ ಮರ್ಯಾದೆ ಕಾಯಲು ಹೆಣಗಿದ್ದನೋ ಆ ಮನುಷ್ಯನನ್ನು ನಾಲ್ಕು ಮಾತು ಕೇಳಿಯೇಬಿಡುತ್ತೇನೆ ಎಂದು ತಿರುಗಿದ.

ಅಷ್ಟರಲ್ಲಿ ಮೈಕು ಭೋಜಣ್ಣನ ಕೈಗೆ ಹೋಗಿತ್ತು.

"ಮಹನೀಯರೇ! ಈಗ ಮಾತಾಡಿದ್ದು ನನ್ನದೇ ಡ್ರೈವರ್ ಹನುಮೇಶ. ಅವನನ್ನು ಕಳಿಸಿದ್ದೂ ನಾನೇ! ನನ್ನ ಮಾಲಿನಲ್ಲಿ ಹಳೆಯದು ಒಂದು ಪ್ಯಾಕೆಟ್ ಸೇರಿದರೂ ಹುಡುಕಿ ವಾಪಸ್ ತಾ ಅಂತ ಬೆಳಗ್ಗೆಯೇ ಹೇಳಿದ್ದೆ. ದೇವರ ಅನ್ನದ ವಿಷಯದಲ್ಲಿ ಭೋಜ ಯಾರ ಮುಖವನ್ನೂ ನೋಡುವುದಿಲ್ಲ, ತನ್ನ ಮುಖವನ್ನೂ ನೋಡುವುದಿಲ್ಲ!"

ಚಪ್ಪಾಳೆ ಸಿಡಿಯಿತು. ಅರ್ಧ ಜಾರಿದ್ದ ಶಾಲು ಎರಡೂ ಹೆಗಲಿಗೆ ಬಂತು.

"ಇನ್ನು ಮುಂದೆ," ಭೋಜಣ್ಣನಿಗೆ ಹುರುಪೇರಿತು, "ಜಿಲ್ಲೆಯಲ್ಲಿ ಎಲ್ಲೇ ಬ್ರಹ್ಮಕಲಶವಾಗಲಿ, ಇಂಥ ಮಾಲನ್ನು ಡಿಪೋಗೆ ಮುಟ್ಟಿಸುವ ಸೇವೆ ನಮ್ಮ ಹನುಮೇಶನದ್ದೇ. ಅವನಿಗೆ ಹೊಸ ಗಾಡಿಯ ಆಸೆ ಇಲ್ಲ. ಹೊಸತು ಉಜ್ವಲನಿಗೆ ಇರಲಿ. ಈ ಹಳೆಯ ಟೆಂಪೋ ಇವತ್ತಿನಿಂದ ದೇವರ ಸೇವೆಯ ಗಾಡಿ. ಇದನ್ನು ಮಾರುವುದೂ ಇಲ್ಲ, ಬದಲಿಸುವುದೂ ಇಲ್ಲ!"

ಯಾರೋ ಹನುಮೇಶನ ಕೊರಳಿಗೆ ಹಾರ ಹಾಕಿದರು. ಹಾರ ಬಿದ್ದ ಕೊರಳಿನಿಂದ ನಾಲ್ಕು ಮಾತು ಹೊರಡುವುದು ಹೇಗೆ? ಧನರಾಜಣ್ಣ ಅವನನ್ನು ತಬ್ಬಿಕೊಂಡು ಪೀಪಿ ಊದಿದ. ನಾಲ್ಕೇ ನಿಮಿಷದಲ್ಲಿ ಅರವತ್ತೆರಡು ಬಾಕ್ಸಿನ ಜೊತೆ ಆ ನಲವತ್ತು, ಅದರ ಮೇಲೆ ಬಿಸ್ಕತ್ತು, ಪುಡಿ, ಎಣ್ಣೆ ಎಲ್ಲ ಏರಿ ಟೆಂಪೋದ ಹಿಂದಿನ ಚಕ್ರಗಳು ಕೂತುಹೋದವು. ಗಂಟೆ ಹನ್ನೆರಡೂಕಾಲು.

"ಹೊರಡಿ, ರಿವರ್ಸ್ ತೆಗೀರಿ!" ಎಂದ ಧನರಾಜಣ್ಣ.

"ರಿವರ್ಸ್ ಇಲ್ಲಂತ ಮುಂಜಾನಿನ ಹೇಳೀನಲ್ಲರೀ!" ಹನುಮೇಶನಿಗೆ ಅಳುವೇ ಬಂತು.

ಹತ್ತು ಜನ ಮುಂದಿನಿಂದ ಹಿಂದಕ್ಕೆ ನೂಕಲು ನಿಂತರು. ಸನ್ಮಾನಿತರೂ ಒಂದು ಕೈ ಹಾಕಬೇಕು ಎಂದು ಜನ ಒತ್ತಾಯಿಸಿದರು. ಶಾಲು ಹೊದ್ದ ಭೋಜಣ್ಣ ಬಂದು ಕುಂಕುಮ ಹಚ್ಚಿದ ಗಾಜಿಗೆ ಎರಡೂ ಕೈ ಕೊಟ್ಟು ನೂಕತೊಡಗಿದರು. ಗಾಜಿನ ಆಚೆ ಭೋಜಣ್ಣನ ಮುಖ, ಈಚೆ ಹನುಮೇಶನ ಮುಖ, ನಡುವೆ ಒಂದು ಗೇಣು. ಧಣಿ ಬೆವರುತ್ತ, ಹಲ್ಲು ಕಚ್ಚಿಕೊಂಡು ಗದರಿದರು: "ಡಿಪೋ ಗೇಟು ಒಂದಕ್ಕೆ ಮುಚ್ಚುತ್ತದೆ, ನೆನಪುಂಟಲ್ಲ?"

ಗಾಡಿ ತಿರುಗಿ ರಸ್ತೆಯ ಅಂಚಿಗೆ ಬಂದು ನಿಂತಾಗ ನಾಗವೇಣಿಯ ಫೋನು ಬಂತು. "ಕೀ ಸಿಕ್ತೇನ್ರಿ?"

ಹನುಮೇಶ ಉತ್ತರ ಹೇಳುವಷ್ಟರಲ್ಲಿ ಹಗ್ಗ ಬಿಚ್ಚಿದ ಸದ್ದಾಗಿ ಕಮಲಕ್ಕ ಒಳಗೆ ಬಂದು ಕೂತರು. "ಕಾರ್ಕಳಕ್ಕೆ ಅಲ್ವಾ? ಹೇಗೂ ಹೋಗ್ತೀರಿ, ನನ್ನನ್ನು ಬೈಲೂರಿನಲ್ಲಿ ಬಿಡಿ." ಅವನು ಸ್ಟೇರಿಂಗ್ ಎಡಕ್ಕೆ ತಿರುಗಿಸಿದ. ಹಾರ್ನು ಕೂಗಿತು. ನಾಗವೇಣಿ ಅದು ಹೊಸ ಗಾಡಿಯದೇ ಎಂದು ತಿಳಿದು, ಆ ಕಡೆಯಿಂದ ಖುಷಿಯಲ್ಲಿ ಕಿರುಚಿದಳು.